ಆಟ, ಕಲ್ಲು, ಕೆರೆ: ಬ್ಲೂಮಿಂಗ್ಟನ್‌ನಲ್ಲಿ ಒಂದು ವಾರಾಂತ್ಯ ಕಳೆಯುವುದು ಹೇಗೆ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ತಂದೆತಾಯಂದಿರ ಪ್ರವಾಸ ಸಾಮಾನ್ಯವಾಗಿ ನ್ಯೂಯಾರ್ಕ್, ನಯಾಗರ, ವಾಷಿಂಗ್ಟನ್‌ಗಳನ್ನು ನೋಡುವುದರಲ್ಲೇ ಮುಗಿದುಹೋಗುತ್ತದೆ. ಒಂದು ವಿಶ್ವವಿದ್ಯಾಲಯದ ತಂಡಕ್ಕಾಗಿ ಇಡೀ ಊರು ಒಂದೇ ಬಣ್ಣದ ಬಟ್ಟೆ ತೊಟ್ಟು ಹೊರಡುವುದನ್ನು ಕಾಣಬೇಕಾದರೆ ಮಧ್ಯಪಶ್ಚಿಮದ ಯಾವುದಾದರೂ ಕಾಲೇಜು ಪಟ್ಟಣಕ್ಕೆ ಹೋಗಬೇಕು. ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಅಂಥ ಒಂದು ಊರು. 1818ರಲ್ಲಿ ಸ್ಥಾಪನೆಯಾದ ಈ ಊರಿನಲ್ಲಿ ಎರಡೇ ವರ್ಷಗಳ ನಂತರ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬುನಾದಿ ಬಿತ್ತು. ಮೈಸೂರಿನ ಎ.ಕೆ. ರಾಮಾನುಜನ್ ಅವರು 1963ರಲ್ಲಿ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪಡೆದದ್ದು ಇಲ್ಲಿಯೇ.

ಮೊದಲು ಗೊತ್ತುಮಾಡಬೇಕಾದದ್ದು ದಿನಾಂಕ. ಹೋಟೆಲು, ಕಾರು, ಊಟ ಎಲ್ಲವೂ ಪಂದ್ಯದ ವೇಳಾಪಟ್ಟಿಯನ್ನು ಅನುಸರಿಸುವುದರಿಂದ, ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಜಾಲತಾಣದಲ್ಲಿ ಪಟ್ಟಿಯನ್ನು ನೋಡಿ, ಟಿಕೆಟ್ ಖರೀದಿಸಿದ ಮೇಲೆಯೇ ಉಳಿದದ್ದಕ್ಕೆ ಕೈಹಾಕಬೇಕು. ಅಮೆರಿಕನ್ ಫುಟ್‌ಬಾಲ್ ಮತ್ತು ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ) ಪಂದ್ಯಗಳು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಬ್ಯಾಸ್ಕೆಟ್‌ಬಾಲ್ ನವೆಂಬರ್‌ನಿಂದ ಮಾರ್ಚ್ ಆರಂಭದವರೆಗೆ ನಡೆಯುತ್ತವೆ. ಜೂನ್, ಜುಲೈ ತಿಂಗಳುಗಳಲ್ಲಿ ಹೋದವರಿಗೆ ಊರು ಶಾಂತವಾಗಿ ಸಿಗುತ್ತದೆ, ಆದರೆ ಆಟ ಸಿಗುವುದಿಲ್ಲ. ಅಕ್ಟೋಬರ್‌ನಲ್ಲಿ ಆಟವೂ ಇರುತ್ತದೆ, ಎಲೆಗಳೂ ಕೆಂಪೇರಿರುತ್ತವೆ. ಆಯ್ಕೆ ನನಗೆ ಬಿಟ್ಟರೆ ನಾನು ಆ ತಿಂಗಳನ್ನೇ ಹೇಳುತ್ತೇನೆ.

ಊರಿಗೆ ಪ್ರಯಾಣಿಕರ ರೈಲು ಇಲ್ಲ. ಇಂಡಿಯಾನಾಪೊಲಿಸ್ ವಿಮಾನ ನಿಲ್ದಾಣದಿಂದ ಸುಮಾರು 80 ಕಿಲೋಮೀಟರ್ ದೂರವಿದ್ದು, ಶಟಲ್ ಬಸ್ಸಿನಲ್ಲಿ ಅಥವಾ ಕಾರಿನಲ್ಲಿ ಬರಬಹುದು. ಷಿಕಾಗೊ ಕಡೆಯಿಂದ ಕಾರಿನಲ್ಲಿ ಬರುವವರು ನಾಲ್ಕು ಗಂಟೆಯ ದಾರಿಗೆ ಇನ್ನೊಂದು ಗಂಟೆಯನ್ನು ಸೇರಿಸಿಕೊಳ್ಳಬೇಕು, ಏಕೆಂದರೆ ಬ್ಲೂಮಿಂಗ್ಟನ್‌ನ ಗಡಿಯಾರ ಷಿಕಾಗೊದ್ದಕ್ಕಿಂತ ಒಂದು ಗಂಟೆ ಮುಂದಿದೆ. ಇದನ್ನು ಮರೆತವರಿಗೆ ಆಟದ ಮೊದಲ ಭಾಗವೇ ತಪ್ಪಿಹೋಗಬಹುದು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸೇರುವ ಯೂನಿಯನ್ ಕಟ್ಟಡದೊಳಗೇ ಒಂದು ಹೋಟೆಲಿದೆ. ಅಲ್ಲಿ ಕೋಣೆ ಸಿಕ್ಕಿದರೆ ಎರಡು ದಿನ ಕಾರು ತೆಗೆಯುವ ಅಗತ್ಯವೇ ಬೀಳುವುದಿಲ್ಲ.

ತಲುಪಿದ ದಿನ ಸಂಜೆ ನಡೆಯುವುದಕ್ಕಾಗಿಯೇ ಎರಡು ಗಂಟೆ ಇಟ್ಟುಕೊಳ್ಳಿ. ಊರ ನಡುವಿನ ಮನ್ರೋ ಕೌಂಟಿ ನ್ಯಾಯಾಲಯದಿಂದ ಹೊರಡಿ. ಅದರ ಗುಮ್ಮಟದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಲೋಹದ ಮೀನೊಂದಿದೆ, ತಲೆಯೆತ್ತಿ ನೋಡಲು ಮರೆಯಬೇಡಿ. ಅಲ್ಲಿಂದ ಕರ್ಕ್‌ವುಡ್ ರಸ್ತೆಯಲ್ಲಿ ಪೂರ್ವಕ್ಕೆ ನೇರವಾಗಿ ನಡೆದರೆ, 1987ರಲ್ಲಿ ಕಟ್ಟಿದ ಸ್ಯಾಂಪಲ್ ಗೇಟ್ಸ್ ಎಂಬ ಕಲ್ಲಿನ ದ್ವಾರ ಎದುರಾಗುತ್ತದೆ. ಒಳಗೆ ಕಾಲಿಟ್ಟೊಡನೆ ಡನ್ಸ್ ವುಡ್ಸ್ ಎಂಬ ಪುಟ್ಟ ಕಾಡು, ಅದನ್ನು ಬಳಸಿ ನಿಂತ ಹಳೆಯ ಕಟ್ಟಡಗಳು. ಇಲ್ಲಿ ಅವಸರ ಮಾಡಬಾರದು. ಯಾವುದಾದರೂ ಗೋಡೆಯ ಹತ್ತಿರ ಹೋಗಿ, ತಿಳಿಬೂದು ಬಣ್ಣದ ಆ ಸುಣ್ಣಕಲ್ಲನ್ನು ಬೆರಳಿನಿಂದ ಸವರಿ ನೋಡಿ: ಅಕ್ಕಿಯ ನುಚ್ಚಿನಷ್ಟು ಸಣ್ಣ ಚಿಪ್ಪಿನ ಚೂರುಗಳು ಬೆರಳಿಗೆ ತಾಗುತ್ತವೆ. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಬೆಚ್ಚಗಿನ ಸಮುದ್ರವಿತ್ತು. ಅದರಲ್ಲಿ ಬದುಕಿದ್ದ ಜೀವಿಗಳ ಚಿಪ್ಪುಗಳೇ ತಳದಲ್ಲಿ ಸೇರಿ ಗಟ್ಟಿಯಾಗಿ ಈ ಕಲ್ಲಾಗಿವೆ. ಯಾವ ದಿಕ್ಕಿನಿಂದ ಉಳಿ ಹಾಕಿದರೂ ಸೀಳದೆ ಒದಗುವ ಕಲ್ಲಾದ್ದರಿಂದ ಶಿಲ್ಪಿಗಳಿಗೆ ಇದು ಅಚ್ಚುಮೆಚ್ಚು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಹೊರಮೈಗೆ ಹೊದಿಸಿದ ಕಲ್ಲು ಈ ಸೀಮೆಯ ಗಣಿಯಿಂದಲೇ ಹೋದದ್ದು. ಕಲ್ಲುಕುಟಿಗರ ಕೈಚಳಕವನ್ನು ನೋಡುವ ಆಸಕ್ತಿಯಿದ್ದರೆ ರೋಸ್ ಹಿಲ್ ಸ್ಮಶಾನಕ್ಕೂ ಹೋಗಿಬನ್ನಿ. ಕಡಿದ ಮರದ ಬೊಡ್ಡೆಯ ಆಕಾರದಲ್ಲಿ, ತೊಗಟೆಯ ಸುಕ್ಕು ಕೂಡ ಕಾಣುವಂತೆ ಕೆತ್ತಿದ ಗೋರಿಕಲ್ಲುಗಳು ಅಲ್ಲಿವೆ. ಆದರೆ ಸುತ್ತಮುತ್ತ ನೀರು ತುಂಬಿ ನಿಂತ ಹಳೆಯ ಕಲ್ಲುಗಣಿಗಳಿಗೆ ಈಜಲು ಇಳಿಯಬೇಡಿ. ಅವು ಖಾಸಗಿ ಜಾಗಗಳು, ನೀರಿನೊಳಗಿನ ಬಂಡೆಗಳು ಮೇಲಿನಿಂದ ಕಾಣುವುದಿಲ್ಲ.

ಕ್ಯಾಂಪಸ್ಸಿನಲ್ಲಿ ಶುಲ್ಕವಿಲ್ಲದೆ ನೋಡಬಹುದಾದ ಎರಡು ಜಾಗಗಳಿಗೆ ಮರುದಿನದ ಬೆಳಗ್ಗೆಯನ್ನು ಮೀಸಲಿಡಿ. ಲಿಲ್ಲಿ ಗ್ರಂಥಾಲಯದಲ್ಲಿ ಗುಟೆನ್‌ಬರ್ಗ್ ಮುದ್ರಿಸಿದ ಬೈಬಲ್ಲಿನ ಹೊಸ ಒಡಂಬಡಿಕೆಯ ಭಾಗವಿದೆ. ಮಕ್ಕಳು ಜೊತೆಗಿದ್ದರೆ, ಕೈಯಲ್ಲಿ ಹಿಡಿದು ಬಿಡಿಸುವ ಯಾಂತ್ರಿಕ ಒಗಟುಗಳ ದೊಡ್ಡ ಸಂಗ್ರಹವೂ ಇಲ್ಲಿಯೇ ಇದೆ. ಇನ್ನೊಂದು, ವಾಸ್ತುಶಿಲ್ಪಿ ಐ.ಎಂ. ಪೇ ಅವರ ವಿನ್ಯಾಸದ ಎಸ್ಕೆನಾಜಿ ಕಲಾ ಸಂಗ್ರಹಾಲಯ. ರಜೆಯ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಆಟದ ಮಾತು. ಅಮೆರಿಕನ್ ಫುಟ್‌ಬಾಲ್ ಪಂದ್ಯವಾದರೆ ಮೂರು ಗಂಟೆ ಮುಂಚೆಯೇ ಮೆಮೋರಿಯಲ್ ಸ್ಟೇಡಿಯಂ ಬಳಿಯ ಮೈದಾನಗಳಿಗೆ ಹೋಗಿ. ಕಾರಿನ ಡಿಕ್ಕಿ ತೆರೆದು, ಒಲೆ ಹೂಡಿ, ಮನೆಮಂದಿಯೆಲ್ಲ ಸೇರಿ ಊಟ ಮಾಡುವ ಟೇಲ್‌ಗೇಟಿಂಗ್ ಎಂಬ ಪದ್ಧತಿ ಪಂದ್ಯದಷ್ಟೇ ಮುಖ್ಯ. ಆದರೆ ಈ ಊರಿನ ಜೀವ ಇರುವುದು ಬ್ಯಾಸ್ಕೆಟ್‌ಬಾಲ್‌ನಲ್ಲಿ. 1971ರಲ್ಲಿ ತೆರೆದ, ಹದಿನೇಳು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಅಸೆಂಬ್ಲಿ ಹಾಲ್‌ನೊಳಗೆ 1940, 1953, 1976, 1981 ಮತ್ತು 1987ರ ರಾಷ್ಟ್ರೀಯ ಪ್ರಶಸ್ತಿಗಳ ಐದು ಪತಾಕೆಗಳು ತೂಗುತ್ತವೆ. 1976ರಲ್ಲಿ ತರಬೇತುದಾರ ಬಾಬ್ ನೈಟ್ ಅವರ ತಂಡ ಆಡಿದ 32 ಪಂದ್ಯಗಳನ್ನೂ ಗೆದ್ದಿತ್ತು. ಒಂದೂ ಸೋಲಿಲ್ಲದೆ ಆ ಪ್ರಶಸ್ತಿಯನ್ನು ಗೆದ್ದ ಪುರುಷರ ತಂಡ ಆಮೇಲೆ ಇನ್ನೊಂದು ಬಂದಿಲ್ಲ. ಆಟಗಾರರು ಕೆಂಪು-ಬಿಳಿ ಪಟ್ಟೆಯ ಉದ್ದ ಪ್ಯಾಂಟು ತೊಟ್ಟು ಅಭ್ಯಾಸಕ್ಕೆ ಇಳಿಯುವ ಗಳಿಗೆಯನ್ನು ತಪ್ಪಿಸಿಕೊಳ್ಳದಂತೆ ಬೇಗನೆ ಕುಳಿತುಕೊಳ್ಳಿ. ಮೇಲಿನ ಬಾಲ್ಕನಿಯ ಮೆಟ್ಟಿಲುಗಳು ಬಹಳ ಕಡಿದಾಗಿವೆ. ಮಂಡಿನೋವಿರುವ ಹಿರಿಯರಿಗೆ ನಾಲ್ಕು ಡಾಲರ್ ಹೆಚ್ಚಾದರೂ ಕೆಳಗಿನ ಸೀಟೇ ಲೇಸು. ದೊಡ್ಡ ಕೈಚೀಲಗಳನ್ನು ಒಳಗೆ ಬಿಡುವುದಿಲ್ಲ.

ಏಪ್ರಿಲ್‌ನಲ್ಲಿ ಹೋಗುವವರಿಗೆ ಬೇರೆಯದೇ ಹಬ್ಬ ಕಾದಿರುತ್ತದೆ. 1951ರಲ್ಲಿ ಆರಂಭವಾದ ಲಿಟ್ಲ್ 500 ಸೈಕಲ್ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳು ನಾಲ್ವರ ತಂಡ ಕಟ್ಟಿ, ಗೇರ್ ಇಲ್ಲದ ಒಂದೇ ಸೈಕಲ್ಲನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಕಾಲು ಮೈಲಿಯ ಹಾದಿಯನ್ನು ಸುತ್ತುತ್ತಾರೆ. ಪುರುಷರಿಗೆ 200 ಸುತ್ತು, ಮಹಿಳೆಯರಿಗೆ 100. ದುಡಿಯುತ್ತ ಓದುವವರ ವಿದ್ಯಾರ್ಥಿವೇತನಕ್ಕೆ ಹಣ ಕೂಡಿಸುವುದಕ್ಕೆಂದೇ ಹುಟ್ಟಿಕೊಂಡ ಸ್ಪರ್ಧೆ ಇದು.

ಸಸ್ಯಾಹಾರಿಗಳು ಫೋರ್ತ್ ಸ್ಟ್ರೀಟ್ ಹುಡುಕಿಕೊಂಡು ಹೋದರೆ ಸಾಕು, ಹಳೆಯ ಮನೆಗಳಲ್ಲಿ ನಡೆಯುವ ನಾನಾ ದೇಶಗಳ ಊಟದ ಹೋಟೆಲುಗಳು ಅಲ್ಲಿ ಸಾಲಾಗಿವೆ. ಊರಿನ ದಕ್ಷಿಣಕ್ಕೆ, ದಲೈಲಾಮಾ ಅವರ ಅಣ್ಣ ಥುಬ್ಟೆನ್ ನೋರ್ಬು 1979ರಲ್ಲಿ ಸ್ಥಾಪಿಸಿದ ಟಿಬೆಟನ್ ಸಾಂಸ್ಕೃತಿಕ ಕೇಂದ್ರವಿದೆ. ಬೈಲಕುಪ್ಪೆಯನ್ನು ಕಂಡವರಿಗೆ ಅಲ್ಲಿನ ಸ್ತೂಪಗಳೂ ಪ್ರಾರ್ಥನಾ ಬಾವುಟಗಳೂ ಪರಿಚಿತವೆನಿಸುತ್ತವೆ.

ಕೊನೆಯ ದಿನವನ್ನು ಮನ್ರೋ ಲೇಕ್‌ಗೆ ಕೊಡಿ. 10,750 ಎಕರೆಯ ಈ ಜಲಾಶಯದಲ್ಲಿ ದೋಣಿ ಬಾಡಿಗೆಗೆ ಸಿಗುತ್ತದೆ, ಬೇಸಿಗೆಯಲ್ಲಿ ಈಜಬಹುದು, ದಡದ ಕಾಡಿನಲ್ಲಿ ಕಾಲುದಾರಿಗಳಿವೆ. ಕಾಡಿನಿಂದ ಹೊರಬಂದೊಡನೆ ಕಾಲು, ಕತ್ತು, ಕಿವಿಯ ಹಿಂದೆ ರಕ್ತ ಹೀರುವ ಉಣ್ಣಿ ಹತ್ತಿದೆಯೇ ಎಂದು ಒಬ್ಬರಿಗೊಬ್ಬರು ನೋಡಿಕೊಳ್ಳಿ. ಬ್ಲೂಮಿಂಗ್ಟನ್‌ನ ನಲ್ಲಿಗಳಿಗೆ ನೀರು ಬರುವುದೂ ಇದೇ ಕೆರೆಯಿಂದ. ಆದ್ದರಿಂದ ಬುತ್ತಿಯ ಪೊಟ್ಟಣ, ಬಾಟಲಿಗಳನ್ನು ದಡದಲ್ಲಿ ಬಿಡದೆ ಕಾರಿನಲ್ಲೇ ಹಿಂದಕ್ಕೆ ತನ್ನಿ.