ಕಾಳ್ಗಿಚ್ಚಿನ ನಂತರ ಗುಡ್ಡದ ಮಣ್ಣು ಕೊಚ್ಚಿಹೋಗದಂತೆ ತಡೆಯುವುದು ಹೇಗೆ?

ಕಾಡು ಸುಟ್ಟ ಗುಡ್ಡದಲ್ಲಿ ಹೆಚ್ಚಿನ ಮಣ್ಣು ಕೊಚ್ಚಿಹೋಗುವುದು ಮೊದಲ ಒಂದೆರಡು ವರ್ಷಗಳ ಬಿರುಸಿನ ಮಳೆಗೆ. ಆದ್ದರಿಂದ ರಕ್ಷಣೆಯ ಕೆಲಸ ಮುಂದಿನ ಮಳೆಗಾಲಕ್ಕೆ ಮೊದಲೇ ಮುಗಿದಿರಬೇಕು. ಇಳಿಜಾರಿಗೆ ಕಾಲಿಡುವ ಮುನ್ನ ಸುಟ್ಟು ನಿಂತಿರುವ ಮರಗಳನ್ನು ಗಮನಿಸಿ. ಬೇರು ಒಳಗೇ ಬೆಂದ ಮರ ಗಾಳಿಯಿಲ್ಲದಾಗಲೂ ಉರುಳಬಹುದು.

ಮೊದಲು ಮಣ್ಣನ್ನು ಪರೀಕ್ಷಿಸಬೇಕು. ತರಗೆಲೆ ಉರಿದಾಗ ಹೊಮ್ಮುವ ಮೇಣದಂಥ ಆವಿ ಕೆಳಗಿನ ತಂಪು ಮಣ್ಣಿನ ಕಣಗಳಿಗೆ ಅಂಟಿಕೊಂಡು, ನೀರು ಇಂಗಲು ಬಿಡದ ಪದರವೊಂದನ್ನು ಉಂಟುಮಾಡುತ್ತದೆ. ಬೂದಿಯನ್ನು ಸರಿಸಿ, ಮಣ್ಣನ್ನು ಒಂದೊಂದೇ ಸೆಂಟಿಮೀಟರ್ ಕೆರೆಯುತ್ತ ಪ್ರತಿ ಹಂತದಲ್ಲೂ ಒಂದು ಹನಿ ನೀರು ಬಿಡಿ. ಹನಿ 5 ಸೆಕೆಂಡಿಗೂ ಹೆಚ್ಚು ಹೊತ್ತು ದುಂಡಗೆ ನಿಂತರೆ ಆ ಪದರ ಅಲ್ಲಿದೆ ಎಂದರ್ಥ. ಇಳಿಜಾರು ಕಡಿಮೆಯಿದ್ದು ಪದರವೂ ತೆಳುವಾಗಿದ್ದರೆ ಇಳಿಜಾರಿಗೆ ಅಡ್ಡಲಾಗಿ ಗುದ್ದಲಿಯಿಂದ ಕೆದಕಿ ಅದನ್ನು ಒಡೆಯಬಹುದು. ಕಡಿದಾದ ಕಡೆ ಹೀಗೆ ಕೆದಕಿದರೆ ಸಡಿಲವಾದ ಮಣ್ಣೇ ಮೊದಲು ಹರಿದುಹೋಗುತ್ತದೆ.

ಒಂದೇ ಕೆಲಸಕ್ಕೆ ಹಣ, ಆಳು ಇದ್ದರೆ ಬರಿ ನೆಲಕ್ಕೆ ಹೊದಿಕೆ ಹಾಸಿ. ಕಳೆಬೀಜವಿಲ್ಲದ ಒಣಹುಲ್ಲನ್ನು 100 ಚದರ ಮೀಟರಿಗೆ ಸುಮಾರು 20 ಕಿಲೊದಂತೆ ಮೇಲಿನಿಂದ ಕೆಳಕ್ಕೆ ಹರಡುತ್ತ ಬನ್ನಿ. ನೆಲದ ಮುಕ್ಕಾಲು ಪಾಲು ಮುಚ್ಚಿದರೆ ಸಾಕು. ದಪ್ಪ ಹಾಸಿನಡಿ ಮೊಳಕೆಗಳು ಉಸಿರುಗಟ್ಟುತ್ತವೆ. ಗಾಳಿ ಬೀಸುವ ನೆತ್ತಿಯಲ್ಲಿ ಹುಲ್ಲು ನಿಲ್ಲದ ಕಾರಣ ಅಲ್ಲಿ ಮರದ ಉದ್ದ ಸೀಳುಗಳು ಒಳ್ಳೆಯವು. ಅರೆಸುಟ್ಟ ಮರಗಳಿಂದ ಉದುರುವ ಎಲೆಗಳೂ ಒಳ್ಳೆಯ ಹೊದಿಕೆಯೇ, ಅವನ್ನು ಗುಡಿಸಬೇಡಿ. ಸತ್ತ ಮರಗಳ ಬುಡವನ್ನೂ ಕೀಳಬಾರದು.

ಅಡ್ಡ ದಿಮ್ಮಿಗಳನ್ನು ಹಾಕುವುದಾದರೆ ಅಚ್ಚುಕಟ್ಟಾಗಿ ಹಾಕಬೇಕು, ಇಲ್ಲವಾದರೆ ಹಾಕದಿರುವುದೇ ಮೇಲು. ದಿಮ್ಮಿ ಸಮಪಾತಳಿಯಲ್ಲಿ ಮಲಗಬೇಕು. ಅದಕ್ಕಾಗಿ ತೋಡಿದ ಆಳವಿಲ್ಲದ ಕಾಲುವೆಯಲ್ಲಿ ಕೂತು, ಕೆಳಮಗ್ಗುಲಲ್ಲಿ ಗೂಟಗಳ ಆಸರೆ ಪಡೆದು, ಮೇಲ್ಮಗ್ಗುಲಿನ ಸಂದುಗಳಿಗೆಲ್ಲ ಮಣ್ಣು ತುಂಬಿ ಗಟ್ಟಿಯಾಗಿ ತುಳಿದಿರಬೇಕು. ಒಂದು ತುದಿ ತಗ್ಗಿದರೂ ಹರಡಿ ಹರಿಯಬೇಕಾದ ನೀರು ಅಲ್ಲಿಗೇ ನುಗ್ಗಿ ಕೊರಕಲು ಕೊರೆಯುತ್ತದೆ. ಮುಂದಿನ ಸಾಲಿನ ದಿಮ್ಮಿ ಮೇಲಿನ ಸಾಲಿನ ಸಂದಿಗೆ ಎದುರಾಗಿರಲಿ.

ಬೀಜ ಬಿತ್ತನೆಯನ್ನು ಅತಿಯಾಗಿ ನಂಬುವಂತಿಲ್ಲ. ಮೊದಲ ದೊಡ್ಡ ಮಳೆಯ ಹೊತ್ತಿಗೆ ಬೇರು ಇಳಿದಿರುವುದೇ ಅಪರೂಪ, ಮೇಲಾಗಿ ಹೊರಗಿನ ಹುಲ್ಲು ಸ್ಥಳೀಯ ಸಸಿಗಳನ್ನು ಅಡಗಿಸಬಹುದು.

ಪ್ರತಿ ದೊಡ್ಡ ಮಳೆಯ ನಂತರ ಮೋರಿಗಳಲ್ಲಿ ಸಿಕ್ಕಿದ ಕಸವನ್ನು ತೆಗೆದು, ದಿಮ್ಮಿಗಳ ಹಿಂದೆ ತುಂಬಿದ ಹೂಳನ್ನು ನೋಡಿ. ಕಡಿದಾದ ಕಣಿವೆಯ ಬಾಯಲ್ಲಿ ಮನೆಯಿದ್ದರೆ ಈ ಯಾವ ಕ್ರಮವೂ ಬಂಡೆ, ಕೆಸರಿನ ಪ್ರವಾಹವನ್ನು ತಡೆಯಲಾರದು; ಬಿರುಮಳೆಯ ಮುನ್ಸೂಚನೆ ಬಂದ ಕೂಡಲೇ ಅಲ್ಲಿಂದ ಹೊರಡಬೇಕು. ಸತ್ತ ಬೇರುಗಳು ಕೆಲವು ವರ್ಷಗಳಲ್ಲಿ ಕೊಳೆತು ಹಿಡಿತ ಬಿಡುವುದರಿಂದ, ಗುಡ್ಡ ಹಸಿರಾದ ಮೇಲೂ ನೆಲದಲ್ಲಿ ಹೊಸ ಬಿರುಕು ಕಾಣಿಸಿದರೆ ಅದನ್ನು ಕುಸಿತದ ಮುನ್ಸೂಚನೆಯೆಂದೇ ಪರಿಗಣಿಸಬೇಕು.