ಇನ್ನೊಬ್ಬರ ಪರೀಕ್ಷೆ ಬರೆಯಲು ಕೂತಾಗ

ತಿಂಗಳ 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಸಲ್ಲಿಸಿ ಆಫೀಸಿನಿಂದ ಹೊರಬಿದ್ದರೆ ನನಗೆ ಮನೆಗೆ ಹೋಗಲೂ ಮನಸ್ಸಾಗುತ್ತಿರಲಿಲ್ಲ. ಸಂಬಳ ಚೆನ್ನಾಗಿತ್ತು, ಮನೆಯಲ್ಲಿ ಯಾರಿಗೂ ಕಾಯಿಲೆ ಕಸಾಲೆ ಇರಲಿಲ್ಲ. ಆದರೂ ಒಳಗೊಳಗೇ ಚಡಪಡಿಕೆ. ವೀಣೆ ಪಾಠಕ್ಕೆ ಸೇರಿದೆ, ಕುಮಾರ ಪರ್ವತ ಹತ್ತಿದೆ, ಧ್ಯಾನ ಶಿಬಿರಕ್ಕೂ ಹೋಗಿಬಂದೆ. ಹೋದಲ್ಲೆಲ್ಲ ‘ಈಗ ನೆಮ್ಮದಿ ಸಿಕ್ಕಿತೇ?’ ಎಂದು ನನ್ನನ್ನೇ ವಿಚಾರಿಸಿಕೊಳ್ಳುತ್ತಿದ್ದೆ. ಆ ವಿಚಾರಣೆಯೇ ಮಗ್ಗುಲಮುಳ್ಳಾಗಿತ್ತು.

ದೃಷ್ಟಿಯಿಲ್ಲದ ಹುಡುಗಿಯೊಬ್ಬಳಿಗೆ ಸ್ಕ್ರೈಬ್ ಬೇಕಂತೆ ಎಂದು ಗೆಳತಿ ಹೇಳಿದಳು. ಪರೀಕ್ಷೆಯಲ್ಲಿ ಆ ಹುಡುಗಿ ಹೇಳಿದ ಉತ್ತರವನ್ನು ಹಾಗೇ ಬರೆದುಕೊಡುವ ಕೆಲಸ. ವಿದ್ಯಾರ್ಥಿಯೇ ಕರೆತರುವ ಸ್ಕ್ರೈಬ್‌ನ ಓದು ವಿದ್ಯಾರ್ಥಿಗಿಂತ ಒಂದು ಹಂತ ಕೆಳಗಿರಬೇಕು ಎನ್ನುತ್ತಿತ್ತು ಆಗ ಇದ್ದ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ. ಅವಳದ್ದು ಇತಿಹಾಸದಲ್ಲಿ ಎಂ.ಎ., ನನ್ನದು ಬಿ.ಕಾಂ.; ಸರಿಹೋಯಿತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಬೇಕೆಂದೂ ಅದರಲ್ಲಿತ್ತು. ಅಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ಒಂದು ಸಿನಿಮಾ ಮುಗಿಯುವ ತನಕ ಕೂರಲಾರದ ನನಗೆ ಅದೇ ಅಂಜಿಕೆ.

ಪರೀಕ್ಷೆಗೆ ಮೊದಲು ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಇಬ್ಬರೂ ಅಭ್ಯಾಸ ಮಾಡಿದೆವು. ಇದನ್ನಂತೂ ಯಾರೂ ತಪ್ಪಿಸಬಾರದು. ಇಡೀ ಪತ್ರಿಕೆಯನ್ನು ಮೊದಲೇ ನಿಧಾನವಾಗಿ ಓದಬೇಕು, ‘ಯಾವುದಾದರೂ ಐದಕ್ಕೆ ಉತ್ತರಿಸಿ’ ಎಂಬ ಸೂಚನೆ ಸಮೇತ. ಆಗಾಗ ಸಮಯ ಹೇಳುತ್ತಿರಬೇಕು. ಹೊಸ ಪ್ಯಾರಾ ಎಲ್ಲಿಂದ ಎನ್ನುವುದು ಅವಳ ತೀರ್ಮಾನ, ನನ್ನದಲ್ಲ. ಅವಳ ಮಾತಿನ ಓಟಕ್ಕೆ ನನ್ನ ಕೈ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಪರೀಕ್ಷೆಯಲ್ಲಿ ವಿಜಯನಗರದ ಪ್ರಶ್ನೆ ಬಂತು. ‘ಅಕ್ಕಾ, ಬರ್ಕೊಳ್ಳಿ. 1443ರಲ್ಲಿ ಬಂದ ಅಬ್ದುಲ್ ರಜಾಕ್’ ಎಂದು ಸರಾಗವಾಗಿ ಹೇಳುತ್ತಾ ಹೋದವಳು, ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿಯ ಹೆಸರಿಗೆ ತಡವರಿಸಿದಳು. ಅಭ್ಯಾಸದ ದಿನ ಅವಳೇ ನನಗೆ ಹೇಳಿಕೊಟ್ಟ ಹೆಸರು. ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಸ್ಕ್ರೈಬ್ ಸುಳಿವು ಕೊಡುವಂತಿಲ್ಲ. ಅವಳು ಡೆಸ್ಕಿನ ಅಂಚನ್ನು ಬೆರಳಲ್ಲಿ ಸವರುತ್ತಾ, ತುಟಿಯೊಳಗೇ ಏನೋ ಹೇಳಿಕೊಳ್ಳುತ್ತಾ ಹುಡುಕುತ್ತಿದ್ದಳು. ನಾನು ಬಿಟ್ಟ ಸಾಲಿನ ಮೇಲೆ ಪೆನ್ನಿಟ್ಟು ಕಾದೆ. ‘ಪಾಯೆಸ್! ಡೊಮಿಂಗೊ ಪಾಯೆಸ್!’ ಎಂದಾಗ ನನಗೇ ರ‍್ಯಾಂಕ್ ಬಂದಷ್ಟು ಖುಷಿಯಾಯಿತು.

ಗಂಟೆ ಹೊಡೆದ ಮೇಲೆ ನೋಡಿದರೆ, ಅಷ್ಟು ಹೊತ್ತೂ ನನಗೆ ನನ್ನ ನೆನಪೇ ಬಂದಿರಲಿಲ್ಲ. ಖುಷಿಯಾಗಿದ್ದೇನೆಯೇ ಎಂದು ಕೇಳಿಕೊಳ್ಳಲು ಪುರುಸೊತ್ತೇ ಇರಲಿಲ್ಲ.

ಚಡಪಡಿಕೆ ಪೂರ್ತಿ ಹೋಗಿದೆ ಎನ್ನಲಾರೆ. ಕೆಲವು ಭಾನುವಾರ ಸಂಜೆ ಈಗಲೂ ಬರುತ್ತದೆ. ಬಂದಾಗ ಅದರ ಜೊತೆ ವಾದಕ್ಕಿಳಿಯದೆ, ಅವಳಿಗೆ ಫೋನ್ ಮಾಡಿ ಒಂದು ಅಧ್ಯಾಯ ಓದಿ ಹೇಳುತ್ತೇನೆ. ನನ್ನ ವರ್ಷದ ರಜೆಗಳನ್ನು ಪರೀಕ್ಷೆಯ ತಿಂಗಳಿಗೇ ಉಳಿಸಿಕೊಳ್ಳುತ್ತೇನೆ. ಪದವಿ ಪರೀಕ್ಷೆಗಳಿಗೆ ವಿದ್ಯಾರ್ಥಿಗಿಂತ ಕಡಿಮೆ ಓದಿದವರು ಬೇಕಾಗುವುದರಿಂದ ನಮ್ಮ ಬೀದಿಯ ಹುಡುಗ ಹುಡುಗಿಯರನ್ನೂ ಕೇಳುತ್ತಿದ್ದೇನೆ. ಅಕ್ಷರ ದುಂಡಗಿರಬೇಕು ಅಂತೇನಿಲ್ಲ, ಓದುವ ಹಾಗಿದ್ದರೆ ಸಾಕು.