ಉಂಗುರ ನೋಡೋಕೆ ಮೊದಲು ಕೈ ನೋಡಿ

ನನ್ನ ನಿಶ್ಚಿತಾರ್ಥದ ಉಂಗುರ ಬೀರುವಿನಲ್ಲಿದೆ. ಹನ್ನೊಂದು ವರ್ಷದಲ್ಲಿ ಹಾಕಿಕೊಂಡಿದ್ದು ಹೆಚ್ಚೆಂದರೆ ಹತ್ತು ಸಲ. ಏಳು ಹರಳಿನ ಹೂವು, ನೋಡಲು ಚೆನ್ನಾಗಿಯೇ ಇದೆ. ಆದರೆ ಸೀರೆ ಉಟ್ಟರೆ ನೆರಿಗೆಯ ಎಳೆ ಕೀಳುತ್ತದೆ. ಅಕ್ಕಿ ರೊಟ್ಟಿ ತಟ್ಟಿದರೆ ಹಿಟ್ಟು ಹರಳಿನ ಸಂದಿಯಲ್ಲಿ ಕೂರುತ್ತದೆ. ಅಳತೆಯನ್ನೂ ಯಾರೂ ಕೇಳಿರಲಿಲ್ಲ. ಶಾಸ್ತ್ರದ ಹೊತ್ತಿಗೆ ಬೆರಳಲ್ಲಿ ಗಿರಗಿರ ತಿರುಗಿತು. ನಮ್ಮತ್ತೆ ಒಳಗಡೆ ದಾರ ಸುತ್ತಿ, ‘ಈಗ ಸರಿಹೋಯ್ತು ನೋಡು’ ಅಂದರು. ಆ ದಾರ ಇವತ್ತಿಗೂ ಹಾಗೇ ಇದೆ.

ಅದಕ್ಕೇ, ಹಾಸನದಲ್ಲಿರುವ ನನ್ನ ತಮ್ಮ ಫೋನ್ ಮಾಡಿ, ‘ಅಕ್ಕಾ, ಉಂಗುರ ತರೋಕೆ ನೀನೂ ಬಾ’ ಅಂದಾಗ ಎರಡನೇ ಮಾತಿಲ್ಲದೆ ಒಪ್ಪಿಕೊಂಡೆ. ಹುಡುಗಿ ಮೂಡಿಗೆರೆ ಕಡೆಯವಳು. ಅಪ್ಪನ ಜೊತೆ ಕಾಫಿ ನರ್ಸರಿ ನೋಡಿಕೊಳ್ಳುತ್ತಾಳೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಚಂದ್ರಗಿರಿ ತಳಿಯ ಬೀಜ ತಂದು ಗಿಡ ಮಾಡಿ ಮಾರುತ್ತಾರೆ. ‘ಅವಳಿಗೆ ಎಂಥದ್ದು ಇಷ್ಟ ಕಣೋ?’ ಅಂದೆ. ‘ಸಿಂಪಲ್ ಆಗಿರಬೇಕು’ ಅಂದ.

ಎಲ್ಲಾ ಹುಡುಗರೂ ಇದನ್ನೇ ಹೇಳುತ್ತಾರೆ. ಸಿಂಪಲ್ ಅಂದರೇನು? ಹರಳೇ ಇಲ್ಲದ ಪಟ್ಟಿ ಉಂಗುರವೂ ಸಿಂಪಲ್ಲೇ. ತೆಳ್ಳನೆ ಕಂಬಿಯ ಮೇಲೆ ಒಂದೇ ಒಂದು ಹರಳು ಎದ್ದು ನಿಂತಿದ್ದರೆ ಅದೂ ಸಿಂಪಲ್ಲೇ. ಕೆಲವರಿಗೆ ಹೊಳಪು ಕಮ್ಮಿ ಇದ್ದರೆ ಸಾಕು, ಗಾತ್ರ ಎಷ್ಟಿದ್ದರೂ ಸರಿ. ಹಾಗಾಗಿ ಅವನ ಮಾತು ಬಿಟ್ಟು, ಹುಡುಗಿಯ ಫೋಟೋ ನೋಡೋಕೆ ಅವನ ಫೋನ್ ಇಸಿದುಕೊಂಡೆ. ಮದುವೆ ಮನೆ ಫೋಟೋ ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿ ಹಾಕಿರುವ ಒಡವೆಯಲ್ಲಿ ಅರ್ಧ ಅಮ್ಮನದು, ಕಾಲು ಭಾಗ ದೊಡ್ಡಮ್ಮನದು. ಸುಮ್ನೆ ಒಂದು ಮಂಗಳವಾರ ತೆಗೆದ ಫೋಟೋ ಹುಡುಕಿ. ಎಲ್ಲಾ ಫೋಟೋದಲ್ಲೂ ಒಂದೇ ಓಲೆ, ಕಿವಿಗೆ ಅಂಟಿಕೊಂಡಂಥ ಚಪ್ಪಟೆ ಓಲೆ. ಸ್ಟೀಲ್ ವಾಚು. ಬಳೆ ಇಲ್ಲ. ಚೂಡಿದಾರದ ತೋಳು ಮೊಣಕೈವರೆಗೆ ಮಡಚಿದೆ. ಉಗುರು ಗಿಡ್ಡ. ಮಣ್ಣು, ಗೊಬ್ಬರ, ಮರಳು ಬೆರೆಸಿ ದಿನಾ ಚೀಲ ತುಂಬುವ ಕೈ ಅದು. ಬೇಲೂರಿನ ದರ್ಪಣ ಸುಂದರಿಗೆ ಬೆರಳು ಬೆರಳಿಗೂ ಒಡವೆ ಹಾಕಬಹುದು, 1117ರಿಂದ ಕನ್ನಡಿ ಹಿಡಿದು ನಿಲ್ಲುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸ ಇಲ್ಲ.

ತಮ್ಮನ ತಲೆಯಲ್ಲಿ ಪಚ್ಚೆ ಕೂತಿತ್ತು. ಅವಳಿಗೆ ಹಸಿರು ಇಷ್ಟವಂತೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಹರಳಿನ ಗಟ್ಟಿತನಕ್ಕೆ ಮೋಸ್ ಅಂತ ಒಂದು ಅಳತೆ ಇದೆ, ಅಂಕಿ ಜಾಸ್ತಿ ಇರುವುದು ಕಮ್ಮಿ ಇರುವುದರ ಮೇಲೆ ಗೀರು ಹಾಕುತ್ತದೆ. ವಜ್ರ 10, ಕೆಂಪು (ಮಾಣಿಕ್ಯ) ಮತ್ತು ನೀಲ 9, ಪಚ್ಚೆ ಏಳೂವರೆಯಿಂದ 8. ಹವಳ 3-4, ಮುತ್ತು ಅದರ ಆಸುಪಾಸು. ಮರಳಿನಲ್ಲಿರುವ ಬೆಣಚು ಕಲ್ಲಿನ ಗಟ್ಟಿತನ 7. ಅಂದರೆ ಮಣ್ಣಲ್ಲಿ ಕೈ ಹಾಕುವವಳ ಬೆರಳಿಗೆ ಮುತ್ತೋ ಹವಳವೋ ಕೊಟ್ಟರೆ ಬೇಗ ಗೀರು ಬಿದ್ದು ಮಂಕಾಗುತ್ತದೆ. ಪಚ್ಚೆಗೆ ಗೀರು ಬೀಳುವುದು ಕಮ್ಮಿ, ಆದರೆ ಅದರೊಳಗೆ ಹುಟ್ಟಿನಿಂದಲೇ ಸಣ್ಣ ಸಣ್ಣ ಬಿರುಕು ಇರುತ್ತವೆ. ಗುದ್ದಲಿ ಹಿಡಿಗೆ ಜೋರಾಗಿ ತಾಗಿದರೆ ಚಕ್ಕೆ ಏಳಬಹುದು. ಆಫೀಸಿನಲ್ಲಿ ಕೂತು ಕೆಲಸ ಮಾಡುವವಳಾಗಿದ್ದರೆ ನಾನೂ ಪಚ್ಚೆಗೇ ಹೂಂ ಅನ್ನುತ್ತಿದ್ದೆ. ನೀಲ ಕೊಡುವ ಮನಸ್ಸಿದ್ದರೆ ಮಾತ್ರ ಎರಡೂ ಮನೆಯಲ್ಲಿ ಮೊದಲು ಕೇಳಿಬಿಡಿ. ಶನಿಯ ಹರಳು ಅಂತ ಹೆದರುವವರು ಜಾಸ್ತಿ. ಶಾಸ್ತ್ರದ ದಿನ ತಟ್ಟೆಯ ಮುಂದೆ ಆ ಚರ್ಚೆ ಬೇಡ.

ಹರಳು ಯಾವುದು ಅನ್ನುವಷ್ಟೇ ಮುಖ್ಯ ಅದು ಹೇಗೆ ಕೂತಿದೆ ಅನ್ನುವುದು. ನಾಲ್ಕು ಕೊಕ್ಕೆಯ ಮೇಲೆ ಎತ್ತರಕ್ಕೆ ನಿಂತ ಹರಳು ಬೆಳಕಿಗೆ ಚೆನ್ನಾಗಿ ಮಿಂಚುತ್ತದೆ, ಸ್ವೆಟರಿಗೆ ಸಿಕ್ಕಿಕೊಳ್ಳುತ್ತದೆ, ಕೈಗವಸು ಹರಿಯುತ್ತದೆ. ಸುತ್ತ ಚಿನ್ನದ ಅಂಚು ಕಟ್ಟಿ, ಪಟ್ಟಿಯೊಳಗೇ ಹುದುಗಿಸಿದ ಹರಳು ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ, ಆದರೆ ಎಲ್ಲೂ ಸಿಕ್ಕುವುದಿಲ್ಲ. ಅಂಗಡಿಯಲ್ಲಿ ನಾನು ಮಾಡುವ ಪರೀಕ್ಷೆ ಇಷ್ಟೇ: ಉಂಗುರ ಹಾಕಿದ ಬೆರಳನ್ನು ಸೆರಗಿನ ಮೇಲೆ ಎಳೆಯುವುದು. ಎಳೆ ಸಿಕ್ಕಿತಾ, ವಾಪಸ್ ಇಡಿ.

ವಜ್ರ ಕೂರಿಸಿದ್ದು ಸಾಮಾನ್ಯವಾಗಿ 18 ಕ್ಯಾರೆಟ್ ಚಿನ್ನದಲ್ಲಿ ಬರುತ್ತದೆ. 22 ಕ್ಯಾರೆಟ್ ಮೆತ್ತಗೆ, ಕೊಕ್ಕೆ ಸಡಿಲವಾಗಿ ಹರಳು ಉದುರುವ ಭಯ. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತ ಮನೆಯ ಹಿರಿಯರು ಗಲಾಟೆ ಮಾಡುವ ಮೊದಲು ಇದನ್ನು ಹೇಳಿಡಿ. ಒಳಗಡೆ 18ಕೆ750 ಅಂತ ಇರುತ್ತದೆ, ಸಾವಿರಕ್ಕೆ 750 ಭಾಗ ಚಿನ್ನ ಅಂತ ಅರ್ಥ. 22 ಆದರೆ 22ಕೆ916. ವಜ್ರದ ಕ್ಯಾರೆಟ್ಟೇ ಬೇರೆ, ಅದು ತೂಕ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. 25 ಸೆಂಟ್ ಅಂದರೆ ಕಾಲು ಕ್ಯಾರೆಟ್, ದುಂಡಗಿನದಾದರೆ ಸುಮಾರು 4 ಮಿಲಿಮೀಟರ್ ಅಗಲ. ದಿನಾ ಹಾಕುವ ಕೈಗೆ ಅಷ್ಟು ಧಾರಾಳ. ಲ್ಯಾಬಿನಲ್ಲಿ ಬೆಳೆಸಿದ ವಜ್ರವೂ ವಜ್ರವೇ, ಬೆಲೆ ಎಷ್ಟೋ ಕಮ್ಮಿ. ವಾಪಸ್ ಕೊಡಲು ಹೋದರೆ ಕೈಗೆ ಬರುವುದೂ ಕಮ್ಮಿಯೇ. ನಿಶ್ಚಿತಾರ್ಥದ ಉಂಗುರವನ್ನು ಯಾರು ಮಾರುತ್ತಾರೆ ಅನ್ನುವವರು ತೆಗೆದುಕೊಳ್ಳಲಿ.

ಅಳತೆಗೆ ದಾರ ನಂಬಬೇಡಿ, ಎಳೆದಷ್ಟೂ ಹಿಗ್ಗುತ್ತದೆ. ಕಾಗದದ ಪಟ್ಟಿ ಸುತ್ತಿ ಗುರುತು ಮಾಡಿ. ನಮ್ಮ ಕಡೆ ಅಂಗಡಿಗಳಲ್ಲಿ ಬಳಸುವ ಸೈಜಿಗೆ ಹೆಚ್ಚುಕಮ್ಮಿ ಲೆಕ್ಕ ಇದು: ಒಳಸುತ್ತು ಎಷ್ಟು ಮಿಲಿಮೀಟರ್ ಇದೆಯೋ ಅದರಲ್ಲಿ 40 ಕಳೆಯಿರಿ. 52 ಬಂದರೆ 12. ಮಲೆನಾಡಿನ ಮಳೆಗಾಲದ ಬೆಳಿಗ್ಗೆ ಅಳೆಯಲೇಬೇಡಿ, ಚಳಿಗೆ ಬೆರಳು ಸಣ್ಣಗಾಗಿರುತ್ತದೆ. ಸಂಜೆ ಅಳೆಯಿರಿ. ಗೆಣ್ಣು ದಪ್ಪ ಇದ್ದರೆ ಗೆಣ್ಣು ದಾಟುವ ಅಳತೆಯೇ ಲೆಕ್ಕ. ಸುತ್ತಲೂ ಹರಳಿರುವ ಉಂಗುರವನ್ನು ಆಮೇಲೆ ದೊಡ್ಡದು ಚಿಕ್ಕದು ಮಾಡುವುದು ಕಷ್ಟ, ನೆನಪಿರಲಿ.

ತಮ್ಮನಿಗೆ ಸರ್‌ಪ್ರೈಸ್ ಕೊಡುವ ಆಸೆ. ಎರಡೂ ಮನೆಯವರು ಕೂತು ಮಾತಾಡಿ, ಪಂಚಾಂಗ ನೋಡಿ, ಛತ್ರ ಬುಕ್ ಮಾಡಿ, ಅಡುಗೆಯವರಿಗೆ ಮುಂಗಡ ಕೊಟ್ಟಾಗಿದೆ. ಇನ್ನೆಂಥ ಸರ್‌ಪ್ರೈಸೋ ಮಾರಾಯ! ‘ಅವಳನ್ನೇ ಕರೆದುಕೊಂಡು ಬಾ’ ಅಂದೆ. ಗುಟ್ಟಾಗಿಯೇ ತರಬೇಕು ಅನ್ನುವವರು ಅವಳ ತಂಗಿಯನ್ನು ಹಿಡಿಯಿರಿ. ಹುಡುಗಿ ಹಾಕುವ ಯಾವುದಾದರೂ ಉಂಗುರ ಒಂದು ದಿನಕ್ಕೆ ಸಿಕ್ಕರೆ ಅಳತೆಯೂ ಸಿಕ್ಕಿತು, ರುಚಿಯೂ ಗೊತ್ತಾಯಿತು.

ಹುಡುಗಿ ಬಂದಳು. ಚಿಕ್ಕಮಗಳೂರಿನಲ್ಲಿ ಎರಡು ಅಂಗಡಿ ಹತ್ತಿ ಇಳಿದೆವು. ಮೊದಲನೆಯದರಲ್ಲಿ ಹರಳಿನ ತೂಕವನ್ನೂ ಚಿನ್ನದ ರೇಟಿನಲ್ಲೇ ಸೇರಿಸಿ ಲೆಕ್ಕ ಹೇಳಿದರು. ಒಟ್ಟು ತೂಕ ಬೇರೆ, ಹರಳು ಕಳೆದ ಚಿನ್ನದ ತೂಕ ಬೇರೆ ಬರೆದುಕೊಡಿ ಅಂದಿದ್ದಕ್ಕೆ ಮುಖ ಸಪ್ಪಗಾಯಿತು. ಎದ್ದು ಬಂದೆವು. ಎರಡನೆಯದರಲ್ಲಿ ಚಿನ್ನ, ಹರಳು, ವೇಸ್ಟೇಜು, ಮಜೂರಿ, 3 ಪರ್ಸೆಂಟ್ ಜಿಎಸ್‌ಟಿ ಎಲ್ಲಾ ಬಿಡಿಬಿಡಿಯಾಗಿ ಬರೆದರು. ಭೂತಗನ್ನಡಿ ಕೇಳಿ ಒಳಗೆ ಕೊರೆದಿರುವ, ಒಂದೊಂದು ಒಡವೆಗೂ ಬೇರೆಬೇರೆಯಾದ ಆರು ಅಕ್ಷರ-ಅಂಕಿಯ ಗುರುತಿನ ನಂಬರು, ಅಂದರೆ ಎಚ್‌ಯುಐಡಿ ಓದಿ, ಚಿನ್ನದ ಶುದ್ಧತೆಯ ಹಾಲ್‌ಮಾರ್ಕ್ ಮುದ್ರೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಅಂದರೆ ಆ ನಂಬರು ಇರಲೇಬೇಕು.

ಹುಡುಗಿ ಆರಿಸಿದ್ದು ಅಗಲದ ಪಟ್ಟಿ, ಮಧ್ಯೆ ಹುದುಗಿದ ಒಂದು ಚಿಕ್ಕ ವಜ್ರ, ಸೈಜ್ 14. ಹಾಕಿಕೊಂಡು ಮುಷ್ಟಿ ಬಿಗಿದಳು, ಬಿಟ್ಟಳು, ಮತ್ತೆ ಬಿಗಿದಳು. ‘ಕತ್ತರಿ ಹಿಡಿದರೂ ಒತ್ತಲ್ಲ ಅಕ್ಕ’ ಅಂದಳು. ನಮ್ಮಮ್ಮ ಮಾತ್ರ ವಾರದಿಂದ ದಿನಾ ಫೋನ್ ಮಾಡುತ್ತಿದ್ದಾರೆ: ‘ಮೂರೂವರೆ ಗ್ರಾಮಾ? ಅಷ್ಟೇನಾ?’